ಫಿಲ್ಟರ್ ಹೊಸದು ಹಾಕಿ, ಹಳೇ ಸ್ಪಾಂಜ್ ಮಾತ್ರ ಎಸೆಯಬೇಡಿ

"ಹೊಸ ಫಿಲ್ಟರ್ ಹಾಕಿದ ಮೇಲೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿವೆ ಸಾರ್, ಡೂಪ್ಲಿಕೇಟ್ ಮಾಲ್ ಇರಬೇಕು." ಅಕ್ವೇರಿಯಂ ಇಟ್ಟವರಿಂದ ಇಂಥ ಫೋನ್ ಆಗಾಗ ಬರುತ್ತದೆ. ಹಳೇ ಫಿಲ್ಟರ್ ಏನು ಮಾಡಿದಿರಿ ಅಂತ ಕೇಳಿದರೆ, "ಒಳಗೆಲ್ಲ ಕೆಸರು ಕಟ್ಟಿತ್ತು, ಎಸೆದುಬಿಟ್ವಿ" ಅನ್ನುತ್ತಾರೆ. ತಪ್ಪು ಹೊಸ ಫಿಲ್ಟರ್‌ದಲ್ಲ.

ಮೀನು ಕಿವಿರಿನಿಂದ ಅಮೋನಿಯ ಬಿಡುತ್ತಲೇ ಇರುತ್ತದೆ. ತಿನ್ನದೆ ಬಿಟ್ಟ ಆಹಾರ ಕೊಳೆತರೂ ಅದೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆ ನೈಟ್ರೈಟನ್ನು ಇನ್ನೊಂದು ಬಗೆಯವು ನೈಟ್ರೇಟ್ ಮಾಡುತ್ತವೆ. ಅಮೋನಿಯ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಅಪಾಯವಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಸಾಕು. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡುವುದು ಬಹಳ ಕಡಿಮೆ. ಫಿಲ್ಟರ್ ಒಳಗಿನ ಸ್ಪಾಂಜ್, ಸೆರಾಮಿಕ್ ರಿಂಗ್, ಟ್ಯಾಂಕ್ ತಳದ ಜಲ್ಲಿಗೆ ಅಂಟಿಕೊಂಡಿರುತ್ತವೆ. ಹಾಗಾಗಿ ಹಳೇ ನೀರನ್ನು ಬಕೆಟ್‌ನಲ್ಲಿ ಜೋಪಾನ ಮಾಡಿದರೆ ಏನೂ ಉಪಯೋಗವಿಲ್ಲ. ಬೆಳೆಯುವುದೂ ನಿಧಾನ. ಹೊಸ ಟ್ಯಾಂಕ್ ಹದಕ್ಕೆ ಬರಲು 4ರಿಂದ 6 ವಾರ ಬೇಕಾಗುವುದು ಇದಕ್ಕೇ.

ಹಳೇ ಮೋಟರ್ ಇನ್ನೂ ಓಡುತ್ತಿದ್ದರೆ ಕೆಲಸ ಸುಲಭ. ಎರಡೂ ಫಿಲ್ಟರ್ ಅಕ್ಕಪಕ್ಕ ಇಟ್ಟು ಒಂದು ತಿಂಗಳು ಓಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ಮೋಟರ್ ಸುಟ್ಟಿದ್ದರೆ ಹಳೇ ಸ್ಪಾಂಜನ್ನು ಹೊಸ ಡಬ್ಬಿಯೊಳಗೆ ತುರುಕಿ. ಹಿಡಿಸದಿದ್ದರೆ ಕತ್ತರಿಯಿಂದ ಕತ್ತರಿಸಿ, ನೋಡೋಕೆ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ. ರಿಂಗ್‌ಗಳನ್ನು ಬಲೆ ಚೀಲದಲ್ಲಿ ಕಟ್ಟಿ ಹಾಕಬಹುದು. ಹೊಸ ಫಿಲ್ಟರ್ ಬರುವುದು ನಾಳೆ ಅಂತಾದರೆ ಸ್ಪಾಂಜನ್ನು ಟ್ಯಾಂಕ್‌ನಲ್ಲೇ, ಏರ್ ಪಂಪ್‌ನ ಗುಳ್ಳೆ ಬರುವ ಕಡೆ ಬಿಡಿ. ಒಣಗಿಸಿದರೆ ಕಥೆ ಮುಗೀತು.

ತೊಳೆಯಲೇಬೇಕು ಅನ್ನಿಸಿದರೆ ಒಂದು ಮಗ್‌ನಲ್ಲಿ ಟ್ಯಾಂಕ್ ನೀರು ತೆಗೆದು, ಎರಡು ಮೂರು ಸಲ ಮೆಲ್ಲಗೆ ಹಿಂಡಿ. ಕಂದು ಬಣ್ಣ ಉಳಿಯಲಿ. ನಲ್ಲಿ ಕೆಳಗೆ ಹಿಡಿಯಬೇಡಿ, ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಇರುವುದೇ ಬ್ಯಾಕ್ಟೀರಿಯಾ ಕೊಲ್ಲೋಕೆ ಅಲ್ವಾ?

ಮೊದಲ ಎರಡು ವಾರ ಆಹಾರ ಅರ್ಧಕ್ಕೆ ಇಳಿಸಿ. ಹೊಸ ಮೀನು ಬೇಡ, ಜಲ್ಲಿ ಕೆದಕಿ ತೊಳೆಯುವುದೂ ಬೇಡ. ದಿನ ಬಿಟ್ಟು ದಿನ ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ನೋಡಿ. ಯಾವುದಾದರೂ 0.25 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನ್ನೋ ಅಳತೆ) ಮುಟ್ಟಿದರೆ ಕ್ಲೋರಿನ್ ತೆಗೆದ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ. ಗಡಸು ಬೋರ್ ನೀರಿನವರು ಇನ್ನೂ ಹುಷಾರಾಗಿರಿ. ಅಂಥ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸಾಮಾನ್ಯವಾಗಿ ಹೆಚ್ಚಿರುತ್ತದೆ, ಅದು 7ರಿಂದ 8ಕ್ಕೆ ಏರಿದರೆ ಅಮೋನಿಯದ ವಿಷಕಾರಿ ರೂಪ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ.

ಬಾಟಲಿ ಬ್ಯಾಕ್ಟೀರಿಯಾ ಹಾಕಲಾ ಅಂತ ಕೇಳುತ್ತಾರೆ. ಕೆಲವು ಕೆಲಸ ಮಾಡುತ್ತವೆ. ಆದರೆ ಅಂಗಡಿಯ ಬಿಸಿಲಲ್ಲಿ ಅದು ಎಷ್ಟು ತಿಂಗಳು ಕೂತಿತ್ತೋ ಯಾರಿಗೆ ಗೊತ್ತು? ಗೆಳೆಯರ ಮನೆಯ ಆರೋಗ್ಯವಾಗಿರುವ ಟ್ಯಾಂಕ್‌ನಿಂದ ಒಂದು ತುಂಡು ಸ್ಪಾಂಜ್ ತಂದರೆ ಅದೇ ವಾಸಿ, ಪುಕ್ಕಟೆ ಬೇರೆ.

ಕ್ಯಾನಿಸ್ಟರ್, ಅಂದರೆ ಟ್ಯಾಂಕ್ ಹೊರಗೆ ಇಡುವ ಮುಚ್ಚಿದ ಡಬ್ಬಿಯ ಫಿಲ್ಟರ್, ಇರುವವರಿಗೆ ಇನ್ನೊಂದು ಮಾತು. ಕರೆಂಟ್ ಹೋಗಿ ಹಲವು ಗಂಟೆ ನಿಂತರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಕರೆಂಟ್ ಬಂದ ಕೂಡಲೇ ಸ್ವಿಚ್ ಹಾಕಬೇಡಿ. ಮುಚ್ಚಳ ತೆಗೆದು ಮೂಸಿ ನೋಡಿ. ಮಣ್ಣಿನ ವಾಸನೆ ಇದ್ದರೆ ಸರಿ. ಕೊಳೆತ ಮೊಟ್ಟೆಯ ನಾತ ಬಂದರೆ ಆ ನೀರನ್ನು ಹೊರಗೆ ಚೆಲ್ಲಿ, ಟ್ಯಾಂಕ್ ನೀರಿನಲ್ಲಿ ಸ್ಪಾಂಜ್ ಜಾಲಾಡಿಸಿ, ಆಮೇಲೆ ಓಡಿಸಿ.