‘ಮನಸ್ಸಿಗೆ ಸಮಾಧಾನವಾಯಿತು’ ಅಂದರೆ ಸಾಕೆ?

ಪ್ರಾರ್ಥನೆ ಮಾಡಿದೆ, ಮನಸ್ಸಿಗೆ ಸಮಾಧಾನವಾಯಿತು, ಆದ್ದರಿಂದ ಇದು ದೇವರ ಚಿತ್ತ. ಮದುವೆ ಸಂಬಂಧವಿರಲಿ, ಕೆಲಸ ಬಿಟ್ಟು ಪೂರ್ಣಾವಧಿ ಸೇವೆಗೆ ಇಳಿಯುವುದಿರಲಿ, ಸೈಟಿಗೆ ಅಡ್ವಾನ್ಸ್ ಕೊಡುವುದಿರಲಿ, ಸಭೆಗಳಲ್ಲಿ ಕೇಳಿಬರುವ ಸಾಕ್ಷಿಯ ಧಾಟಿ ಇದೇ. ಸಮಾಧಾನ ದೇವರ ಕೊಡುಗೆ, ಅದರಲ್ಲಿ ತಕರಾರಿಲ್ಲ. ಆದರೆ ಅದೊಂದನ್ನೇ ಸಾಕ್ಷಿಯಾಗಿ ಕಟಕಟೆಗೆ ತಂದು ನಿಲ್ಲಿಸಿದರೆ ಸತ್ಯವೇದವೇ ಪಾಟಿ ಸವಾಲು ಹಾಕುತ್ತದೆ. ದೇವರ ಮಾತಿಗೆ ಬೆನ್ನು ಹಾಕಿ ತಾರ್ಷೀಷಿಗೆ ಹೊರಟ ಪ್ರವಾದಿ ಯೋನ, ಬಿರುಗಾಳಿಯ ನಡುವೆಯೂ ಹಡಗಿನ ಕೆಳಗಡೆ ಗಾಢವಾಗಿ ನಿದ್ದೆ ಮಾಡುತ್ತಿದ್ದ. ತಂದೆಯ ಚಿತ್ತಕ್ಕೆ ತನ್ನನ್ನು ಪೂರ್ತಿ ಒಪ್ಪಿಸಿಕೊಂಡ ಯೇಸುವಿನ ಬೆವರು ಗೆತ್ಸೆಮನೆಯಲ್ಲಿ ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತು. ಸಮಾಧಾನವೊಂದೇ ಅಳತೆಗೋಲಾದರೆ ಯೋನ ಪಾಸು, ಗೆತ್ಸೆಮನೆ ಫೇಲು.

ಕಷ್ಟದ ಕೆಲಸ ತಪ್ಪಿದಾಗಲೂ ಎದೆ ಹಗುರಾಗುತ್ತದೆ. ಮಾತು ಬಿಟ್ಟ ಅಣ್ಣನ ಮನೆಗೆ ಹೋಗುವುದು ಬೇಡ ಎಂದು ತೀರ್ಮಾನಿಸಿದ ಕ್ಷಣ ಆಗುವುದು ಹಲ್ಲು ಕೀಳಿಸುವ ದಿನ ಮುಂದೆ ಹೋದಾಗ ಆಗುವಂಥ ನಿರಾಳ. ಇದನ್ನೂ ಪವಿತ್ರಾತ್ಮನ ಸಮಾಧಾನವನ್ನೂ ಬೇರೆ ಮಾಡಿ ನೋಡುವ ಅಭ್ಯಾಸಕ್ಕೆ ವಿವೇಚನೆ ಎನ್ನುತ್ತೇವೆ. ಅದು ಒಂದೇ ರಾತ್ರಿಯ ಪ್ರಾರ್ಥನೆಯಲ್ಲಿ ಕೈಗೆ ಸಿಗುವುದಿಲ್ಲ. ಇಬ್ರಿಯರಿಗೆ ಬರೆದ ಪತ್ರದ 5ನೇ ಅಧ್ಯಾಯ ಹೇಳುವಂತೆ, ಸಾಧನೆಯಿಂದ ಪಳಗಿದ ಇಂದ್ರಿಯಗಳಿಗಷ್ಟೇ ಒಳ್ಳೆಯದು ಕೆಟ್ಟದ್ದರ ಭೇದ ತಿಳಿಯುತ್ತದೆ.

ಈ ಸಾಧನೆಗೆ ಒಂದು ಹಳೆಯ, ಗಟ್ಟಿ ದಾರಿ ಯೇಸುಸಭೆಯ (ಜೆಸ್ಯೂಟ್) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಅವರದು. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಅವರು ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಹೊತ್ತು ಕಳೆಯಲು ಎರಡು ಬಗೆಯ ಹಗಲುಗನಸು. ರಾಜಮನೆತನದ ಒಬ್ಬ ಹೆಣ್ಣಿನ ಮುಂದೆ ಮೆರೆಯುವುದು ಒಂದು, ಸಂತರಂತೆ ಬಾಳುವುದು ಇನ್ನೊಂದು. ಕನಸು ಕಾಣುವಾಗ ಎರಡೂ ಸಿಹಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗಿ ಬೇಸರವಾಗುತ್ತಿತ್ತು, ಎರಡನೆಯದು ಮುಗಿದ ಮೇಲೂ ಸಂತೋಷ ಉಳಿದಿರುತ್ತಿತ್ತು. ಮುಂದೆ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಪುಸ್ತಕಕ್ಕೆ 1548ರಲ್ಲಿ ಮೂರನೇ ಪೌಲ್ ಪೋಪರ ಒಪ್ಪಿಗೆ ದೊರೆಯಿತು. ಅದರಲ್ಲಿರುವ ವಿವೇಚನೆಯ ನಿಯಮಗಳ ಬೇರು ಈ ಹಾಸಿಗೆಯಲ್ಲೇ ಇದೆ. ಆಗ ಹೇಗನಿಸಿತು ಎಂಬುದಕ್ಕಿಂತ ಆಮೇಲೆ ಏನು ಉಳಿಯಿತು ಎಂಬುದು ಮುಖ್ಯ.

ಇದು ಕಥೋಲಿಕರ ಪದ್ಧತಿ, ನಮಗೇಕೆ ಎಂದು ಪ್ರೊಟೆಸ್ಟೆಂಟ್ ಓದುಗರು ಹಿಂಜರಿಯಬೇಕಿಲ್ಲ. ‘ಎಲ್ಲವನ್ನೂ ಪರಿಶೋಧಿಸಿ’ ಎಂದು ಪೌಲ ಥೆಸಲೋನಿಕದವರಿಗೆ ಬರೆದದ್ದನ್ನು ದಿನನಿತ್ಯ ಮಾಡುವ ಬಗೆ ಇದು, ಅಷ್ಟೆ.

ಮೊದಲು ಒಂದು ಬೇಲಿ ಹಾಕಿಕೊಳ್ಳಬೇಕು. ದೇವರ ಆಜ್ಞೆ ಸ್ಪಷ್ಟವಿರುವ ಕಡೆ ವಿವೇಚನೆಗೆ ಕೆಲಸವಿಲ್ಲ. ಲಂಚ ಕೊಡಲೇ ಬೇಡವೇ ಎಂದು ಮೂರು ದಿನ ಉಪವಾಸ ಪ್ರಾರ್ಥನೆ ಮಾಡುವುದು ಕಾಲಹರಣ. ಮದುವೆಯಾದವರು ‘ಈ ಮದುವೆ ದೇವರ ಚಿತ್ತವೇ ಆಗಿತ್ತೇ’ ಎಂದು ಹೊಸದಾಗಿ ಕೆದಕುವುದೂ ಹಾಗೆಯೇ. ಮುಗಿದ ಆಯ್ಕೆಯಲ್ಲಿ ಚೆನ್ನಾಗಿ ಬಾಳುವುದು ಹೇಗೆಂಬುದೇ ಅಲ್ಲಿ ಉಳಿಯುವ ಪ್ರಶ್ನೆ. ವಿವೇಚನೆ ಬೇಕಾಗುವುದು ಎರಡೂ ಒಳ್ಳೆಯದಾಗಿ ಕಾಣುವಾಗ.

ಒಂದು ಉದಾಹರಣೆ ಹಿಡಿದು ನೋಡೋಣ. ಮಂಗಳೂರಿನ ಒಬ್ಬ ಸ್ಟಾಫ್ ನರ್ಸ್‌ಗೆ ಕುವೈತ್‌ನಲ್ಲಿ ಕೆಲಸ ಸಿಕ್ಕಿದೆ ಎನ್ನಿ. ಮನೆಯಲ್ಲಿ ಮಂಡಿನೋವಿನ ಅಮ್ಮ, ಓದುತ್ತಿರುವ ತಮ್ಮ, ಬ್ಯಾಂಕಿನ ಸಾಲ. ಹೋಗುವುದೂ ಪಾಪವಲ್ಲ, ಉಳಿಯುವುದೂ ಪಾಪವಲ್ಲ.

ಆಕೆ ಮಾಡಬೇಕಾದ ಮೊದಲ ಕೆಲಸ ಪ್ರಾರ್ಥನೆಯೂ ಅಲ್ಲ. ಕೆಲಸ ಕೊಡಿಸುವ ಏಜೆನ್ಸಿ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆಯೇ, ಕರಾರು ಎಷ್ಟು ವರ್ಷದ್ದು, ಕೈಗೆ ಬರುವ ಸಂಬಳವೆಷ್ಟು, ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ಇವನ್ನೆಲ್ಲ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ಫೋನ್ ಮಾಡಿ ತಿಳಿಯಬಹುದಾದ್ದನ್ನು ದೇವರಿಂದ ದರ್ಶನದಲ್ಲಿ ತಿಳಿಯಲು ಹೊರಡುವುದನ್ನು ಭಕ್ತಿ ಎನ್ನಲಾಗದು.

ಆಮೇಲೆ ತಕ್ಕಡಿ. ಯಾವ ಕಡೆಗೂ ವಾಲದೆ ನಡುವೆ ನಿಂತ ತಕ್ಕಡಿಯ ಮುಳ್ಳಿನಂತೆ ಮನಸ್ಸಿರಬೇಕು ಎನ್ನುತ್ತಾರೆ ಇಗ್ನೇಷಿಯಸ್. ಆಸೆಯೇ ಇರಬಾರದು ಎಂದು ಇದರ ಅರ್ಥವಲ್ಲ. ‘ಬೇಡ’ ಎಂಬ ಉತ್ತರ ಬಂದರೆ ಕೇಳಿಸಿಕೊಳ್ಳುವಷ್ಟು ಜಾಗ ಒಳಗಿದೆಯೇ ಎಂಬುದು ಪ್ರಶ್ನೆ. ಇಲ್ಲವಾದರೆ ಹೋಗಲೇ ಬೇಡವೇ ಎಂದು ಈಗಲೇ ಕೇಳಬಾರದು. ‘ಕರ್ತನೇ, ಈ ಬಿಗಿ ಹಿಡಿತ ಸಡಿಲಿಸು’ ಎಂದು ಬೇಡಿಕೊಳ್ಳಬೇಕು. ಪಾಸ್‌ಪೋರ್ಟ್ ಕೊಟ್ಟು ಬಂದ ಮೇಲೆ ‘ದೇವರ ಚಿತ್ತ ತಿಳಿಯಲು ಪ್ರಾರ್ಥಿಸಿ’ ಎಂದು ಕೋರಿಕೆ ಸಲ್ಲಿಸುವವರು ಈ ಹೆಜ್ಜೆಯನ್ನೇ ಹಾರಿರುತ್ತಾರೆ. ಬಹುಪಾಲು ಕೆಡುವುದು ಇಲ್ಲೇ.

ನಂತರ ದಿನಕ್ಕೆ 15 ನಿಮಿಷ, ಮಲಗುವ ಮುನ್ನ, ಒಂದು ನೋಟ್‌ಬುಕ್ ಹಿಡಿದು. ಕ್ರಮ ಐದು ಹೆಜ್ಜೆಯದು: ದಿನಕ್ಕಾಗಿ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಗಂಟೆ ಗಂಟೆಯಾಗಿ ದಿನದ ಮೇಲೆ ಕಣ್ಣಾಡಿಸುವುದು, ತಪ್ಪಿಗೆ ಕ್ಷಮೆ, ನಾಳೆಗೊಂದು ಸಂಕಲ್ಪ. ಅರ್ಧ ಹೊತ್ತು ಮೂರನೆಯ ಹೆಜ್ಜೆಗೇ ಮೀಸಲಿಡಿ. ನೋಟ್‌ಬುಕ್ಕಿನಲ್ಲಿ ಪ್ರಬಂಧ ಬೇಡ, ಎರಡು ಮೂರು ಸಾಲು ಸಾಕು:

‘ಬೆಳಿಗ್ಗೆ 11. ವಾರ್ಡಿನ ಅಜ್ಜಿಗೆ ಗಂಜಿ ಕುಡಿಸುವಾಗ ಕುವೈತ್ ನೆನಪಾಯಿತು. ಅಲ್ಲೂ ಇದೇ ಕೆಲಸ ಅನಿಸಿತು. ಹಗುರ. ಊಟದ ನಂತರ ಗೆಳತಿಯ ಹೊಸ ಮನೆಯ ಫೋಟೊ. ಹೋಗಲೇಬೇಕು ಅನಿಸಿತು, ತುಂಬಾ ಉತ್ಸಾಹ. ಸಂಜೆ ಅಮ್ಮನ ಮೇಲೆ ಸುಮ್ಮನೆ ರೇಗಿದೆ. ರಾತ್ರಿ ಪ್ರಾರ್ಥನೆಗೆ ಮನಸ್ಸಿಲ್ಲ.’

ಇಲ್ಲಿ ‘ಹೋಗಬೇಕು’ ಎಂಬ ಒಂದೇ ಯೋಚನೆ ಎರಡು ಬೇರೆ ದಾರಿಯಿಂದ ಬಂದಿದೆ. ಬೆಳಗಿನದು ಸೇವೆಯ ನಡುವೆ ಬಂತು, ಸದ್ದಿಲ್ಲದೆ ಉಳಿಯಿತು. ಮಧ್ಯಾಹ್ನದ್ದು ಹೋಲಿಕೆಯಿಂದ ಹುಟ್ಟಿತು, ಜೋರಾಗಿ ಉರಿಯಿತು, ಸಿಡಿಮಿಡಿಯಲ್ಲಿ ಮುಗಿಯಿತು. ಯೋಚನೆಯ ಶುರು, ನಡು, ಕೊನೆ ಮೂರೂ ಒಳ್ಳೆಯದರ ಕಡೆಗೇ ಇದ್ದರೆ ಅದು ಒಳ್ಳೆಯ ಆತ್ಮದ್ದು. ಕೊನೆಗೆ ಮೊದಲಿಗಿಂತ ಕೀಳಾದದ್ದರತ್ತ ಒಯ್ದರೆ, ಇದ್ದ ಶಾಂತಿಯನ್ನು ಕಲಕಿದರೆ, ಎಲ್ಲೋ ಸೈತಾನನ ಬಾಲ ಹೊಕ್ಕಿದೆ. ಒಂದು ದಿನದ ಬರಹದಿಂದ ತೀರ್ಪು ಕೊಡಬೇಡಿ. 20–30 ದಿನದ ಪುಟಗಳನ್ನು ಒಟ್ಟಿಗೆ ಓದಿದಾಗ ಯಾವುದು ಮರುಕಳಿಸುತ್ತಿದೆ ಎಂಬುದು ತಾನಾಗಿ ಎದ್ದು ಕಾಣುತ್ತದೆ.

ಭಕ್ತಿಯ ಯೋಚನೆಯಾದರೆ ಈ ಪರೀಕ್ಷೆ ಬೇಡ ಎಂದುಕೊಳ್ಳುವವರಿಗೆ ಇಗ್ನೇಷಿಯಸರ ಬಾರ್ಸಿಲೋನಾ ದಿನಗಳು ಉತ್ತರ. 30 ದಾಟಿದ ವಯಸ್ಸಿನಲ್ಲಿ ಲ್ಯಾಟಿನ್ ವ್ಯಾಕರಣ ಕಲಿಯಲು ಕೂತಾಗ, ಬಾಯಿಪಾಠ ಶುರುಮಾಡಿದ ಕೂಡಲೇ ಅದ್ಭುತ ಆತ್ಮಿಕ ಹೊಳಹುಗಳು ಉಕ್ಕಿ ಬರುತ್ತಿದ್ದವು. ಪೂಜೆಯಲ್ಲೂ ಪ್ರಾರ್ಥನೆಯಲ್ಲೂ ಬಾರದ ಇಂಥ ಹೊಳಹು ಪಾಠದ ಹೊತ್ತಿಗೇ ಏಕೆ ಬರುತ್ತಿದೆ ಎಂದು ಅವರಿಗೆ ಅನುಮಾನ ಬಂತು. ಇದು ಶೋಧನೆ ಎಂದು ಗುರುತಿಸಿ, ಗುರುಗಳ ಮುಂದೆ ಎಲ್ಲವನ್ನೂ ಹೇಳಿ, ಎರಡು ವರ್ಷ ತರಗತಿಯಲ್ಲಿ ಗಮನವಿಟ್ಟು ಕೂರುವುದಾಗಿ ಮಾತುಕೊಟ್ಟರು. ಹೊಳಹು ನಿಂತಿತು. ಮಕ್ಕಳಿಗೆ ಊಟ ಬಡಿಸುವ ಹೊತ್ತಿಗೇ ಏಳುವ ಪ್ರಾರ್ಥನೆಯ ಹಂಬಲವನ್ನೂ ಹೀಗೆಯೇ ವಿಚಾರಿಸಿಕೊಳ್ಳಬಹುದು.

ಇನ್ನೊಂದು ಗುರುತು ಸ್ಪಂಜು ಮತ್ತು ಕಲ್ಲಿನದು. ಒಳ್ಳೆಯ ದಾರಿಯಲ್ಲಿ ಮುಂದುವರಿಯುತ್ತಿರುವವರಿಗೆ ಒಳ್ಳೆಯ ಆತ್ಮದ ಸ್ಪರ್ಶ ಸ್ಪಂಜಿಗೆ ಇಳಿಯುವ ಹನಿಯಂತೆ ಮೃದು, ಕೆಟ್ಟದ್ದರದು ಕಲ್ಲಿಗೆ ಬಡಿಯುವ ಹನಿಯಂತೆ ಸದ್ದಿನದು. ಕೆಟ್ಟ ದಾರಿಯಲ್ಲಿ ಇಳಿಯುತ್ತಿರುವವರಿಗೆ ಇದು ತಿರುಗುಮುರುಗು. ಮೀಟರ್ ಬಡ್ಡಿಗೆ ಸಾಲ ಕೊಡುವವನಿಗೆ ರಾತ್ರಿ ಬರುವ ಕಸಿವಿಸಿಯೇ ದೇವರ ಕೃಪೆ. ಅವನ ನೆಮ್ಮದಿಯೇ ಅಪಾಯ. ‘ಸಮಾಧಾನವಾಯಿತು’ ಎಂದು ಯಾರಾದರೂ ಹೇಳಿದಾಗ ಅವರು ಯಾವ ದಿಕ್ಕಿಗೆ ನಡೆಯುತ್ತಿದ್ದಾರೆ ಎಂದು ಮೊದಲು ನೋಡಬೇಕು ಅನ್ನುವುದು ಇದಕ್ಕೇ.

ಮನಸ್ಸಿನ ಚಲನೆ ಸ್ಪಷ್ಟವಾಗದಿದ್ದರೆ ಬುದ್ಧಿಯನ್ನು ಬಳಸಿ. ಒಂದು ಹಾಳೆಯಲ್ಲಿ ಎರಡಲ್ಲ, ನಾಲ್ಕು ಕಾಲಂ: ಹೋದರೆ ಲಾಭ, ಹೋದರೆ ನಷ್ಟ, ಉಳಿದರೆ ಲಾಭ, ಉಳಿದರೆ ನಷ್ಟ. ‘ಹೋದರೆ ನಷ್ಟ’ವೂ ‘ಉಳಿದರೆ ಲಾಭ’ವೂ ಒಂದೇ ಅಲ್ಲವೇ ಎಂದು ಬಿಡಬೇಡಿ, ಬರೆಯುವಾಗ ಬೇರೆ ಬೇರೆ ಸಂಗತಿ ಹೊರಬರುತ್ತದೆ. ಸಾಲುಗಳನ್ನು ಎಣಿಸಬೇಡಿ, ತೂಗಿ. ದೇವರ ಮಹಿಮೆಗೂ ಆತ್ಮದ ಹಿತಕ್ಕೂ ಹತ್ತಿರದ್ದೇ ಭಾರ. ಬಳಿಕ ಗುರುತೇ ಇಲ್ಲದ ಹುಡುಗಿಯೊಬ್ಬಳು ಇದೇ ಹಾಳೆ ಹಿಡಿದು ಬಂದರೆ ಏನು ಹೇಳುತ್ತಿದ್ದೆ ಎಂದು ಕೇಳಿಕೊಳ್ಳಿ. ಪರರಿಗೆ ಕೊಡುವ ಸಲಹೆಯಲ್ಲಿ ನಮ್ಮ ಸ್ವಾರ್ಥ ಕಡಿಮೆ.

ವಚನ ತೆಗೆಯುವ ಅಭ್ಯಾಸದ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕು. ಕಣ್ಣುಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ಸಾಲನ್ನು ಉತ್ತರವೆಂದು ಹಿಡಿಯುವುದು, ಹೊಸವರ್ಷದ ವಾಗ್ದಾನದ ಕಾರ್ಡಿನ ಮೇಲೆ ವೀಸಾ ತೀರ್ಮಾನ ಮಾಡುವುದು ವಿವೇಚನೆಯಲ್ಲ. ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಸೈತಾನನೂ 91ನೇ ಕೀರ್ತನೆಯ ವಚನವನ್ನೇ ಎತ್ತಿ ಹೇಳಿದ. ಕಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣುವ ಯೆರೆಮೀಯ 29:11ನ್ನೇ ನೋಡಿ. ಹಿತದ ಆಲೋಚನೆಯ ಆ ಮಾತು ಬಾಬೆಲಿನ ಸೆರೆಯಲ್ಲಿದ್ದವರಿಗೆ ಬರೆದ ಪತ್ರದ್ದು. ಅದರ ಹಿಂದಿನ ವಚನ 70 ವರ್ಷ ಕಾಯಬೇಕು ಎನ್ನುತ್ತದೆ, 8 ಮತ್ತು 9ನೇ ವಚನಗಳು ಬೇಗ ಬಿಡುಗಡೆಯ ಕನಸು ಹೇಳುವ ಪ್ರವಾದಿಗಳಿಗೆ ಮೋಸಹೋಗಬೇಡಿ ಎನ್ನುತ್ತವೆ. ವಚನ ಸಿಕ್ಕಿದರೆ ಪೂರ್ತಿ ಅಧ್ಯಾಯ ಓದಿ. ಕಣದಲ್ಲಿ ಕುರಿಯ ತುಪ್ಪಟ ಹಾಸಿ ಇಬ್ಬನಿಯ ಗುರುತು ಕೇಳಿದ ಗಿದ್ಯೋನನ ಲೆಕ್ಕವೂ ಅಷ್ಟೆ. ದೇವರು ಸ್ಪಷ್ಟವಾಗಿ ಹೇಳಿಯಾದ ಮೇಲೂ ಧೈರ್ಯ ಸಾಲದೆ ಅವನು ಗುರುತು ಕೇಳಿದ. ದೇವರು ಅವನನ್ನು ಸಹಿಸಿಕೊಂಡರು, ಅದನ್ನು ಪದ್ಧತಿಯಾಗಿ ಮಾಡಿಕೊಟ್ಟಿಲ್ಲ.

ಯಾರಾದರೂ ‘ನಿನಗೊಂದು ಪ್ರವಾದನೆ ಇದೆ’ ಎಂದರೆ ಧಿಕ್ಕರಿಸುವುದೂ ಬೇಡ, ನುಂಗುವುದೂ ಬೇಡ. ಪ್ರವಾದಿಗಳು ಮಾತನಾಡಲಿ, ಮಿಕ್ಕವರು ವಿವೇಚಿಸಲಿ ಎಂಬುದು 1 ಕೊರಿಂಥ 14:29. ಆದರೆ ‘ಇದನ್ನು ಯಾರಿಗೂ ಹೇಳಬೇಡ’ ಎಂಬ ಷರತ್ತು ಸೇರಿದ್ದರೆ ಅಲ್ಲಿಗೇ ನಿಲ್ಲಿಸಿ. ಗುಟ್ಟನ್ನು ಬಯಸುವುದು ಶತ್ರುವಿನ ಚಾಳಿ. ಸಭಾಪಾಲಕರಿಗೋ ಪಾಪನಿವೇದನೆ ಕೇಳುವ ಫಾದರ್‌ಗೋ ನಂಬಿಕೆಯ ಹಿರಿಯಕ್ಕನಿಗೋ ಬಾಯಿಬಿಟ್ಟು ಹೇಳಿದ ಕೂಡಲೇ ಅರ್ಧ ಮೋಸ ಕಳಚಿ ಬೀಳುತ್ತದೆ.

ಮನಸ್ಸು ಒಣಗುವುದಕ್ಕೆ ಪ್ರತಿ ಸಲವೂ ಆತ್ಮಿಕ ಕಾರಣವೇ ಇರಬೇಕೆಂದಿಲ್ಲ. ಎರಡು ವಾರ ಎಡೆಬಿಡದೆ ಮಂಕು, ನಿದ್ದೆ ಹಸಿವು ಕೆಟ್ಟಿರುವುದು, ಬದುಕೇ ಬೇಡವೆನಿಸುವುದು ಇದ್ದರೆ ಡಾಕ್ಟರನ್ನು ಕಾಣಬೇಕು; ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಮಾಡಿದ ಪಾಪನಿವೇದನೆಯನ್ನೇ ಮತ್ತೆ ಮತ್ತೆ ಮಾಡುವ, ಸಣ್ಣದಕ್ಕೂ ತಲ್ಲಣಿಸುವ ಸ್ವಭಾವದವರು ಮೇಲೆ ಹೇಳಿದ ರಾತ್ರಿಯ ಲೆಕ್ಕವನ್ನು 5 ನಿಮಿಷಕ್ಕೆ ಇಳಿಸಿ, ಕೃತಜ್ಞತೆಯಷ್ಟಕ್ಕೆ ನಿಲ್ಲಿಸುವುದು ಒಳ್ಳೆಯದು. ಅವರಿಗೆ ಹೆಚ್ಚು ತಪಾಸಣೆ ಗಾಯ ಕೆರೆದಂತೆ.

ಇನ್ನು ಆ ನರ್ಸ್‌ನ ವಿಷಯ. ಹೋಗಬೇಕೆಂದು ತಿಳಿಯಾದ ಮನಸ್ಸಿನಲ್ಲಿ ತೀರ್ಮಾನಿಸಿದರೆ, ಅದನ್ನು ದೇವರ ಮುಂದೆ ಇಟ್ಟು ಒಂದು ವಾರ ‘ಹೋಗುವವಳು’ ಎಂದೇ ಬಾಳಿ ನೋಡಲಿ, ನೋಟ್‌ಬುಕ್ ಬರೆಯುತ್ತಿರಲಿ. ಐದನೇ ದಿನ ಅಮ್ಮ ಅತ್ತರು, ಪ್ರಾರ್ಥನೆ ರುಚಿಸಲಿಲ್ಲ, ಎಲ್ಲ ತಪ್ಪೆನಿಸಿತು ಅಂದರೆ ಆ ದಿನ ತೀರ್ಮಾನ ಬದಲಿಸಬಾರದು. ಮನಸ್ಸಿನ ಇಂಥ ಬರಗಾಲದಲ್ಲಿ ಮೊದಲಿನ ನಿರ್ಣಯದಲ್ಲೇ ನಿಂತು ಪ್ರಾರ್ಥನೆಯನ್ನು ಸ್ವಲ್ಪ ಹೆಚ್ಚಿಸಬೇಕು. ತಿಳಿ ಮರಳಿದ ಮೇಲೂ ಸಂಶಯ ಉಳಿದಿದ್ದರೆ ಆಗ ಹಾಳೆಯನ್ನು ಮತ್ತೆ ತೆಗೆಯಲಿ. ಇಷ್ಟಕ್ಕೆಲ್ಲ ಸಮಯವಿಲ್ಲ, ನಾಳೆಯೇ ಸಹಿ ಹಾಕಿ ಎಂದು ಏಜೆನ್ಸಿ ಅವಸರಪಡಿಸಿದರೆ ಲಿಖಿತವಾಗಿ ಹತ್ತು ದಿನ ಕೇಳಲಿ. ಕೊಡದಿದ್ದರೆ ಸಹಿ ಬೇಡ, ಇರುವ ವಾರ್ಡಿನಲ್ಲೇ ಮುಂದಿನ ಪಾಳಿಗೆ ಹೋಗಲಿ.