ಚಿಪ್ ನೋಡಿ ಯಾರೂ ಕನ್ಸೋಲ್ ಕೊಳ್ಳುವುದಿಲ್ಲ

2017ರ ಮಾರ್ಚ್‌ನಲ್ಲಿ ನಿಂಟೆಂಡೊ ಕಂಪನಿಯ ಸ್ವಿಚ್ ಬಂತು, ವಿಡಿಯೊ ಗೇಮ್ ಆಡುವ ಕನ್ಸೋಲ್ ಅದು. ಆ ತಿಂಗಳು ಅಮೆರಿಕದಲ್ಲಿ ಮಾರಾಟವಾದ ಸ್ವಿಚ್ 9 ಲಕ್ಷ 6 ಸಾವಿರ. ಅದರಲ್ಲಿ ಆಡುವ ಜೆಲ್ಡಾ ಆಟದ ಪ್ರತಿಗಳು 9 ಲಕ್ಷ 25 ಸಾವಿರಕ್ಕೂ ಜಾಸ್ತಿ! ಕನ್ಸೋಲ್ ಇನ್ನೂ ಕೈಗೆ ಸಿಗದವರೂ ಆಟ ತೆಗೆದುಕೊಂಡಿದ್ದರು ಅಂತ ಕಾಣುತ್ತದೆ.

ಇಷ್ಟಾದರೂ ಹೊಸ ಕನ್ಸೋಲ್ ಅಂದಕೂಡಲೇ ಮಾತು ಶುರುವಾಗುವುದು ಚಿಪ್‌ನ ವೇಗ ಅಳೆಯುವ ಟೆರಾಫ್ಲಾಪ್‌ನಿಂದ. ಹಾಗಿದ್ದರೆ ಸೆಗಾ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಗಿಯರ್ ಗೆಲ್ಲಬೇಕಿತ್ತು, ಅಲ್ವಾ? ಅದಕ್ಕೆ ಹಿಂದಿನಿಂದ ಬೆಳಕು ಬೀಳುವ ಬಣ್ಣದ ಪರದೆ ಇತ್ತು. ಆರು ಸೆಲ್ ಹಾಕಿದರೆ ಕೆಲವೇ ಗಂಟೆಗಳಲ್ಲಿ ಖಾಲಿ. ಅದರ ಎದುರಾಳಿ, ನಿಂಟೆಂಡೊದ 1989ರ ಗೇಮ್ ಬಾಯ್‌ಗೆ ಇದ್ದದ್ದು ಮಂಕು ಹಸಿರು ಪರದೆ, ನಾಲ್ಕೇ ಛಾಯೆ. ಆದರೆ ಅಮೆರಿಕದಲ್ಲಿ ಪೆಟ್ಟಿಗೆಯೊಳಗೇ ಟೆಟ್ರಿಸ್ ಇಟ್ಟು ಕೊಟ್ಟರು. ಕಲರ್ ಆವೃತ್ತಿಯೂ ಸೇರಿ 11.8 ಕೋಟಿ ಮಾರಾಟವಾಯಿತು. ಗೇಮ್ ಗಿಯರ್ ಒಂದು ಕೋಟಿಯ ಆಸುಪಾಸಿನಲ್ಲೇ ನಿಂತಿತು. ಇದೇನೂ ಹೊಸ ಪಾಠವಲ್ಲ. 1980ರಲ್ಲಿ ಸ್ಪೇಸ್ ಇನ್ವೇಡರ್ಸ್ ಮನೆಯಲ್ಲೇ ಆಡಬೇಕು ಅನ್ನುವ ಒಂದೇ ಕಾರಣಕ್ಕೆ ಜನ ಅಟಾರಿ ಕನ್ಸೋಲ್ ಕೊಂಡಿದ್ದರು.

ನಿಜವಾದ ಮಜಾ ಇರುವುದು ಇದರ ಹಿಂದಿನ ಚಕ್ರದಲ್ಲಿ. ಕೊಳ್ಳುವವರು ಆಟಗಳು ಬರಲಿ ಅಂತ ಕಾಯುತ್ತಾರೆ. ಆಟ ತಯಾರಿಸುವವರು ಕೊಳ್ಳುವವರು ಬರಲಿ ಅಂತ ಕಾಯುತ್ತಾರೆ. ಹಸಿ ಸೌದೆಯ ಒಲೆ ಇದು. ಹತ್ತಿಕೊಳ್ಳುವವರೆಗೆ ಊದುತ್ತಲೇ ಇರಬೇಕು, ಒಮ್ಮೆ ಹತ್ತಿತೋ, ತಾನೇ ಉರಿಯುತ್ತದೆ. ಅದಕ್ಕೇ ಎಷ್ಟೋ ಸಲ ಕಂಪನಿಗಳು ಕನ್ಸೋಲನ್ನು ನಷ್ಟಕ್ಕೆ ಮಾರುತ್ತವೆ. ಬೇರೆಯವರು ತಯಾರಿಸಿದ ಆಟ ಮಾರಾಟವಾದಾಗಲೂ ಕನ್ಸೋಲ್ ಕಂಪನಿಗೆ ಪಾಲು ಬರುತ್ತದಲ್ಲ, ಲೆಕ್ಕ ಅಲ್ಲಿ ಸರಿಹೋಗುತ್ತದೆ. 2011ರಲ್ಲಿ ನಿಂಟೆಂಡೊ 3ಡಿಎಸ್ ಮಂಕಾದಾಗ, ಬಂದು ಆರು ತಿಂಗಳೂ ಆಗಿರಲಿಲ್ಲ, 250 ಡಾಲರ್ ಬೆಲೆಯನ್ನು 170ಕ್ಕೆ ಇಳಿಸಿದರು. ಬದುಕಿಕೊಂಡಿತು.

ಊದುವುದಕ್ಕೆ ಬೇರೆ ದಾರಿಯೂ ಉಂಟು. 2000ದಲ್ಲಿ ಬಂದ ಪ್ಲೇಸ್ಟೇಷನ್ 2 ಡಿವಿಡಿಯನ್ನೂ ಓಡಿಸುತ್ತಿತ್ತು. ಆಟ ಕಮ್ಮಿ ಇದ್ದಾಗಲೂ ಕೊಳ್ಳಲು ಒಂದು ನೆಪ ಸಿಕ್ಕಿತು. ಕೊನೆಗೆ ಲೆಕ್ಕ 15 ಕೋಟಿ ದಾಟಿತು. 2006ರಲ್ಲಿ ಸೋನಿ ಅದೇ ಉಪಾಯವನ್ನು ಡಿವಿಡಿಯ ನಂತರ ಬಂದ ಬ್ಲೂ-ರೇ ಡಿಸ್ಕ್ ಹಾಕಿ ಮತ್ತೆ ಮಾಡಲು ಹೋಯಿತು. ಆದರೆ ಪ್ಲೇಸ್ಟೇಷನ್ 3ರ ದೊಡ್ಡ ಮಾದರಿಗೆ 599 ಡಾಲರ್! ಶುರುವಿನ ವರ್ಷಗಳಲ್ಲಿ ಒದ್ದಾಡಿಬಿಟ್ಟಿತು.

ಹಾಗಂತ ಒಳ್ಳೆಯ ಆಟ ಇದ್ದರೆ ಸಾಕು ಅನ್ನುವುದೂ ಅರ್ಧ ಸತ್ಯವೇ. ಮಾರಿಯೊ ಕಾರ್ಟ್ 8 ನೋಡಿ. 2014ರಲ್ಲಿ ಅದು ಬಂದದ್ದು ನಿಂಟೆಂಡೊದ ವೀ ಯು ಕನ್ಸೋಲ್‌ಗೆ. ವೀ ಯು ಹೊಸ ಕನ್ಸೋಲೋ, ಅದಕ್ಕೂ ಹಳೆಯ ವೀ ಕನ್ಸೋಲ್‌ಗೆ ಸಿಕ್ಕಿಸುವ ಸಾಮಾನೋ ಅಂತಲೇ ಜನರಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಆಟ ತಯಾರಿಸುವ ಹೊರಗಿನ ದೊಡ್ಡ ಕಂಪನಿಗಳು ಒಂದೊಂದಾಗಿ ಕೈಬಿಟ್ಟಿದ್ದವು. ಎಂಥ ಆಟ ಬಂದರೂ ವೀ ಯು ಚೇತರಿಸಿಕೊಳ್ಳಲಿಲ್ಲ. ಒಟ್ಟು 1.35 ಕೋಟಿಯಷ್ಟೇ ಮಾರಾಟವಾಯಿತು. ಮೂರು ವರ್ಷದ ನಂತರ ಅದೇ ಆಟವನ್ನು ಚೂರು ಹಿಗ್ಗಿಸಿ ಸ್ವಿಚ್‌ಗೆ ತಂದರು. ಈ ಸಲ 6 ಕೋಟಿಗೂ ಹೆಚ್ಚು ಪ್ರತಿ ಹೋದವು.