ಫ್ಲೇರ್: ನೆಲ ಮುಟ್ಟುವ ಮುಂಚಿನ ಕೆಲವು ಸೆಕೆಂಡು

ವಿಮಾನ ಹಾರಿಸಲು ಕಲಿಯುವವರ ಮಾತಿನಲ್ಲಿ ಪದೇ ಪದೇ ಕೇಳಿಬರುವ ಪದ ಫ್ಲೇರ್. ಇಳಿಯುತ್ತಾ ಬಂದ ವಿಮಾನದ ಮೂತಿಯನ್ನು ರನ್‌ವೇಯಿಂದ ಹತ್ತಿಪ್ಪತ್ತು ಅಡಿ ಮೇಲಿರುವಾಗ ಮೆಲ್ಲಗೆ ಎತ್ತಬೇಕು, ಆಗ ಇಳಿಯುವ ವೇಗ ಕಮ್ಮಿಯಾಗಿ ವಿಮಾನ ನೆಲದ ಮೇಲೆ ಸ್ವಲ್ಪ ದೂರ ತೇಲುತ್ತದೆ, ಆಮೇಲೆ ಹಿಂದಿನ ಎರಡು ಚಕ್ರಗಳ ಮೇಲೆ ಕೂರುತ್ತದೆ. ಇಷ್ಟಕ್ಕೇ ಫ್ಲೇರ್ ಎನ್ನುವುದು. ಲ್ಯಾಂಡಿಂಗ್‌ನ ಬಾಕಿ ಭಾಗವನ್ನು ಬಹುಪಾಲು ಅಂಕಿಗಳಲ್ಲಿ ಹೇಳಿಕೊಡಬಹುದು. ಇದು ಮಾತ್ರ ಕಣ್ಣಿಗೂ ಕೈಗೂ ಅಭ್ಯಾಸ ಆಗಬೇಕು.

ಕಲಿಕೆಗೆ ಬಳಸುವ ಪುಟ್ಟ ವಿಮಾನ ಸೆಸ್ನಾ 172 ತೆಗೆದುಕೊಳ್ಳಿ. ಕೊನೆಯ ಹಂತದಲ್ಲಿ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿ.ಮೀ. ವೇಗ ಇರುತ್ತದೆ. ನಿಮಿಷಕ್ಕೆ 500 ಅಡಿ ಇಳಿಯುತ್ತಿದ್ದರೆ ಕೊನೆಯ 20 ಅಡಿ ಎರಡೂವರೆ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಏನೂ ಮಾಡದೆ ಸುಮ್ನೆ ಕೂತರೆ ವಿಮಾನ ಅದೇ ರಭಸದಲ್ಲಿ ನೆಲಕ್ಕೆ ಬಡಿಯುತ್ತದೆ, ಅದೂ ಮುಂದಿನ ಚಕ್ರದ ಮೇಲೆ. ಆ ಚಕ್ರ ಅಂಥ ಹೊಡೆತ ತಡೆಯಲಿಕ್ಕೆ ಮಾಡಿದ್ದಲ್ಲ.

ಈಗ ಕೆಲಸ ಹೇಗೆ ನಡೆಯುತ್ತದೆ ನೋಡಿ. ಎಂಜಿನ್ನಿನ ಶಕ್ತಿ ಹೆಚ್ಚು ಕಮ್ಮಿ ಮಾಡುವ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದಾಗ ವೇಗ ಇಳಿಯತೊಡಗುತ್ತದೆ. ವೇಗ ಇಳಿದಂತೆ ರೆಕ್ಕೆ ಎತ್ತಿ ಹಿಡಿಯುವ ಬಲವೂ ಇಳಿಯುತ್ತದೆ. ಅದನ್ನು ಸರಿದೂಗಿಸಲು ಯೋಕನ್ನು, ಅಂದರೆ ಪೈಲಟ್ ಕೈಯಲ್ಲಿರುವ ಹಿಡಿಕೆಯನ್ನು, ಇನ್ನಷ್ಟು ಹಿಂದಕ್ಕೆ ಎಳೆದು ಮೂತಿ ಎತ್ತುತ್ತೀರಿ, ಮತ್ತೆ ವೇಗ ಇಳಿಯುತ್ತದೆ, ಮತ್ತೆ ಸ್ವಲ್ಪ ಎಳೆಯುತ್ತೀರಿ, ಹೀಗೇ ಸಾಗಿ ಒಂದು ಹಂತದಲ್ಲಿ ರೆಕ್ಕೆಗೆ ಇನ್ನು ಹಿಡಿದಿಡಲು ಆಗುವುದಿಲ್ಲ. ಆಗ ವಿಮಾನ ತಾನಾಗಿ ಕೂರುತ್ತದೆ. ಹೊಸಬರಿಗೆ ಒಗ್ಗದಿರುವುದು ಇದೇ: ಇಳಿಸಬೇಕು ಎಂದು ಬಂದವರು ಕೊನೆಯಲ್ಲಿ ವಿಮಾನವನ್ನು ಇಳಿಯಲು ಬಿಡದೆ ಹಿಡಿದುಕೊಂಡಿರಬೇಕು. ಒಂದೇ ಸಲ ಎಳೆದುಬಿಟ್ಟರೆ ಮುಗಿಯಿತು ಎಂದುಕೊಂಡವರಿಗೆ ಫ್ಲೇರ್ ಬರುವುದಿಲ್ಲ. ನನ್ನ ಪ್ರಕಾರ ಇಲ್ಲಿ ಎಳೆಯುವುದಕ್ಕಿಂತ ಕಾಯುವುದೇ ಜಾಸ್ತಿ.

ನೆಲದ ಹತ್ತಿರ ಇನ್ನೊಂದು ಸಂಗತಿಯೂ ಸೇರಿಕೊಳ್ಳುತ್ತದೆ, ಗ್ರೌಂಡ್ ಎಫೆಕ್ಟ್. ರೆಕ್ಕೆಯ ತುದಿಯಲ್ಲಿ ಏಳುವ ಗಾಳಿಯ ಸುಳಿಗೆ ನೆಲ ಅಡ್ಡ ಬರುವುದರಿಂದ ಗಾಳಿಯ ಎಳೆತ ಕಮ್ಮಿಯಾಗುತ್ತದೆ. 172ರ ರೆಕ್ಕೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 36 ಅಡಿ. ನೆಲದಿಂದ ಅಷ್ಟು ಎತ್ತರಕ್ಕಿಂತ ಕೆಳಗೆ ಬಂದಂತೆಲ್ಲ ಈ ಪರಿಣಾಮ ಜೋರಾಗುತ್ತದೆ, ವಿಮಾನ ತೇಲುತ್ತಲೇ ಹೋಗುತ್ತದೆ. 65ರ ಬದಲು 75 ನಾಟ್‌ನಲ್ಲಿ ಬಂದಿದ್ದರಂತೂ ಕೇಳಲೇಬೇಡಿ. 10 ನಾಟ್ ಹೆಚ್ಚಿದರೆ ಕಳೆಯಬೇಕಾದ ಶಕ್ತಿ ಮೂರನೇ ಒಂದು ಪಾಲು ಹೆಚ್ಚುತ್ತದೆ, ಅಷ್ಟೂ ಹೊತ್ತು ರನ್‌ವೇ ಕೆಳಗೆ ಓಡುತ್ತಿರುತ್ತದೆ. ಹಾಗಾಗಿ ಫ್ಲೇರ್ ಕೆಡುವುದು ಎಷ್ಟೋ ಸಲ ಫ್ಲೇರ್‌ನಲ್ಲಲ್ಲ, ಅದಕ್ಕೂ ಅರ್ಧ ನಿಮಿಷ ಮೊದಲೇ ವೇಗ ಕೈತಪ್ಪಿದಾಗ.

ಬೆಂಗಳೂರಿನ ಜಕ್ಕೂರಿನಲ್ಲಿ ಕಲಿಯುವವರಿಗೆ ಇನ್ನೊಂದು ಲೆಕ್ಕವಿದೆ. ಆ ಜಾಗ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ, ಗಾಳಿ ತೆಳು. ಬೇಸಿಗೆಯ ಮಧ್ಯಾಹ್ನ ವೇಗದ ಮೀಟರ್ 65 ನಾಟ್ ತೋರಿಸುವಾಗ ವಿಮಾನ ನಿಜಕ್ಕೂ 70ರ ಆಸುಪಾಸಿನಲ್ಲಿ ಹೋಗುತ್ತಿರುತ್ತದೆ. ನೆಲ ಬೇಗ ಓಡಿದಂತೆ ಕಂಡಿತೆಂದು ವೇಗ ಇಳಿಸಲು ಹೋಗಬಾರದು. ರೆಕ್ಕೆಗೆ ಲೆಕ್ಕ ಮೀಟರಿನ 65 ಮಾತ್ರ.

ಹಾಗಾದರೆ ಎತ್ತರ ಗೊತ್ತಾಗುವುದು ಹೇಗೆ? ಎತ್ತರ ತೋರಿಸುವ ಆಲ್ಟಿಮೀಟರ್ ಇಷ್ಟು ಸೂಕ್ಷ್ಮವಾಗಿ ಹೇಳುವುದಿಲ್ಲ. ದೃಷ್ಟಿಯನ್ನು ರನ್‌ವೇಯ ಆಚೆ ತುದಿಗೆ ಸರಿಸಬೇಕು. ಹೈವೇಯಲ್ಲಿ ಬೈಕ್ ಓಡಿಸುವಾಗ ಮುಂದಿನ ಚಕ್ರದ ಬುಡ ನೋಡುವುದಿಲ್ಲ ಅಲ್ವಾ, ಹಾಗೆ. ದೂರ ನೋಡುತ್ತಿದ್ದರೆ ರನ್‌ವೇಯ ಎರಡೂ ಅಂಚುಗಳು ಕಣ್ಣಿನ ಪಕ್ಕದಲ್ಲಿ ಮೇಲೆದ್ದು ಬಂದಂತೆ ಕಾಣುತ್ತವೆ, ಎತ್ತರ ತಿಳಿಯುವುದು ಅದರಿಂದ. ರನ್‌ವೇ ಬದಲಾದರೆ ಈ ಅಂದಾಜೂ ತಪ್ಪುತ್ತದೆ. ರೂಢಿಗಿಂತ ಅಗಲವಿದ್ದರೆ ನೆಲ ಹತ್ತಿರ ಬಂದಂತೆ ಅನಿಸಿ ಬೇಗ ಎತ್ತುತ್ತೀರಿ, ಕಿರಿದಾಗಿದ್ದರೆ ತಡವಾಗಿ.

ಜೋರಾಗಿ ಎಳೆದರೆ ವಿಮಾನ ಮತ್ತೆ ಮೇಲೇಳುತ್ತದೆ, ಇದಕ್ಕೆ ಬಲೂನಿಂಗ್ ಅನ್ನುತ್ತಾರೆ. ಆಗ ಗಾಬರಿಯಲ್ಲಿ ಮೂತಿಯನ್ನು ಕೆಳಗೆ ಒತ್ತುವುದೇ ಅಪಾಯ. ಮುಂದಿನ ಚಕ್ರ ಮೊದಲು ಬಡಿದು ವಿಮಾನ ಪುಟಿಯುತ್ತದೆ, ಮತ್ತೆ ಒತ್ತಿದರೆ ಇನ್ನೂ ಜೋರಾಗಿ ಪುಟಿಯುತ್ತದೆ. ಸ್ವಲ್ಪವೇ ಮೇಲೆದ್ದಿದ್ದರೆ ಹಾಗೇ ಹಿಡಿದು ಕಾಯಬಹುದು. ಜಾಸ್ತಿ ಎದ್ದಿದ್ದರೆ ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು: ಪೂರ್ತಿ ಥ್ರಾಟಲ್, ಮೂತಿ ಹತೋಟಿಯಲ್ಲಿ, ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸಿದ್ದ ಫ್ಲ್ಯಾಪ್ ಹಂತ ಹಂತವಾಗಿ ಒಳಗೆ, ರನ್‌ವೇ ಸುತ್ತ ಇನ್ನೊಂದು ಸುತ್ತು. ದಯವಿಟ್ಟು ಇದನ್ನು ಸೋಲು ಎಂದುಕೊಳ್ಳಬೇಡಿ. ಸೋಲೋ, ಅಂದರೆ ಒಬ್ಬರನ್ನೇ ಹಾರಲು ಕಳಿಸುವ ಮುಂಚೆ ಇನ್‌ಸ್ಟ್ರಕ್ಟರ್ ನೋಡುವುದು ಚಂದದ ಲ್ಯಾಂಡಿಂಗನ್ನು ಮಾತ್ರವಲ್ಲ, ಕೆಟ್ಟದ್ದನ್ನು ಬಿಟ್ಟು ಮೇಲೇಳುವ ತೀರ್ಮಾನ ನಿಮ್ಮಿಂದಲೇ ಬರುತ್ತದಾ ಅಂತಲೂ.

ಹಿಂದಿನ ಚಕ್ರ ತಾಗಿದ ಕೂಡಲೇ ಯೋಕ್ ಬಿಡುವಂತಿಲ್ಲ. ಹಿಂದಕ್ಕೆ ಹಿಡಿದೇ ಇರಬೇಕು, ವೇಗ ಇಳಿದಂತೆ ಮುಂದಿನ ಚಕ್ರ ಮೆತ್ತಗೆ ನೆಲಕ್ಕೆ ಬರುತ್ತದೆ. ಬ್ರೇಕ್ ಅದಾದ ಮೇಲೆ.